ಮತಚೀಟಿಯಲ್ಲಿ ಕಾರಣ ಬರೆಯಲು ಜಾಗವಿಲ್ಲ

ಮತ ನಮ್ಮ ಸ್ವಂತ ಸೊತ್ತೇ? ಅಥವಾ ಇತರರು ನಂಬಿ ನಮ್ಮ ಕೈಗೆ ಒಪ್ಪಿಸಿರುವ ಒಡವೆಯೇ? ಸೊತ್ತಾಗಿದ್ದರೆ ಅದನ್ನು ಇಷ್ಟ ಬಂದಂತೆ ಬಳಸಬಹುದು, ಸಿಟ್ಟಿನಲ್ಲಿ ಎಸೆಯಲೂಬಹುದು. ಒಡವೆಯಾಗಿದ್ದರೆ ಒಪ್ಪಿಸಿದವರಿಗೆ ಲೆಕ್ಕ ಕೊಡಬೇಕಾಗುತ್ತದೆ. ಮಾಮೂಲಿ ಚುನಾವಣೆಯ ಗದ್ದಲದಲ್ಲಿ ಈ ಪ್ರಶ್ನೆ ನಮಗೆ ನೆನಪಾಗುವುದಿಲ್ಲ. ಇಂದು ಗೆಲ್ಲಿಸಿದವನನ್ನು ಮುಂದಿನ ಸಲ ಸೋಲಿಸಬಹುದೆಂಬ ಧೈರ್ಯ ನಮಗಿರುತ್ತದೆ. ಆದರೆ ಹಿಂದಿರುಗಿ ಬರಲು ಕಷ್ಟವಾದ ದಾರಿಯೊಂದನ್ನು ಇಡೀ ದೇಶದ ಮುಂದಿಟ್ಟು, ಹೋಗೋಣವೇ ಬೇಡವೇ ಎಂದು ಜನರನ್ನೇ ಕೇಳಿದಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. 2016ರ ಜೂನ್ 23ರಂದು ಬ್ರಿಟನ್ನಿನ ಸಾಮಾನ್ಯ ಮತದಾರರು ಎದುರಿಸಿದ್ದು ಇಂಥದೇ ಒಂದು ಪರೀಕ್ಷೆಯನ್ನು.

ಅಂದು 1 ಕೋಟಿ 74 ಲಕ್ಷ ಜನ ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆಂದರು. 1 ಕೋಟಿ 61 ಲಕ್ಷ ಜನ ಉಳಿಯಬೇಕೆಂದರು. ಶೇಕಡಾ 51.9 ಒಂದು ಕಡೆ, ಶೇಕಡಾ 48.1 ಇನ್ನೊಂದು ಕಡೆ. 1973ರಲ್ಲಿ ಯುರೋಪಿನ ಈ ಕೂಟವನ್ನು ಸೇರಿದ್ದ ದೇಶ ಅದು. 1975ರಲ್ಲಿ ಇದೇ ಪ್ರಶ್ನೆ ಕೇಳಿದಾಗ ಮೂರನೇ ಎರಡರಷ್ಟು ಜನ ಉಳಿಯೋಣ ಎಂದಿದ್ದರು. ನಾಲ್ಕು ದಶಕಗಳ ಬಳಿಕ ಅದೇ ದೇಶ ನಡುವೆಯೇ ಸೀಳಿತು. ಸ್ಕಾಟ್ಲೆಂಡಿನಲ್ಲಿ ಶೇಕಡಾ 62, ಉತ್ತರ ಐರ್ಲೆಂಡಿನಲ್ಲಿ ಶೇಕಡಾ 55.8, ಲಂಡನ್ನಿನಲ್ಲಿ ಸುಮಾರು ಶೇಕಡಾ 60 ಮತಗಳು ಉಳಿಯುವ ಪರ ಬಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್ ಒಟ್ಟಾರೆ ಬಿಡುವ ಪರ ನಿಂತವು. ಒಡಕು ಊರುಗಳ ನಡುವೆ ಮಾತ್ರ ಉಳಿಯಲಿಲ್ಲ, ಅದು ಮನೆಯೊಳಗೂ ನುಗ್ಗಿತು. ಮತದಾನದ ದಿನದ ಸಮೀಕ್ಷೆಯ ಪ್ರಕಾರ, 25 ದಾಟದ ಯುವಕರಲ್ಲಿ ನಾಲ್ವರಲ್ಲಿ ಮೂವರು ಎಂಬಷ್ಟು ಮಂದಿ ಉಳಿಯಬೇಕೆಂದರೆ, 65 ದಾಟಿದವರಲ್ಲಿ ಐವರಲ್ಲಿ ಮೂವರು ಬಿಡಬೇಕೆಂದರು. ಒಂದೇ ಮೇಜಿನಲ್ಲಿ ಉಣ್ಣುವ ಅಜ್ಜ ಮತ್ತು ಮೊಮ್ಮಗಳು ಎರಡು ದೇಶಗಳ ಪ್ರಜೆಗಳಂತಾದರು.

ಸಾಮಾನ್ಯ ಮತದಾರನ ಸ್ಥಿತಿಯನ್ನು ನಾವು ಒಮ್ಮೆ ಊಹಿಸಿಕೊಳ್ಳಬೇಕು. ಸುಂಕ, ಮೀನುಗಾರಿಕೆ, ನ್ಯಾಯಾಲಯಗಳ ಅಧಿಕಾರ ವ್ಯಾಪ್ತಿ, ಐರ್ಲೆಂಡಿನ ಗಡಿ, ವಲಸೆಯ ನಿಯಮ ಹೀಗೆ ನೂರಾರು ಗಂಟುಗಳಿರುವ ವಿಷಯವನ್ನು ಎರಡು ಸಾಲುಗಳಿಗೆ ಇಳಿಸಿ ಅವನ ಮುಂದಿಡಲಾಯಿತು. ಅವನಿಗೆ ನೆರವಾಗಬೇಕಾದವರು ಮಾಡಿದ್ದೇನು? ವಾರಕ್ಕೆ 35 ಕೋಟಿ ಪೌಂಡ್‌ಗಳನ್ನು ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ ಎಂದು ಬಿಡುವ ಪರದವರು ಕೆಂಪು ಬಸ್ಸಿನ ಮೇಲೆ ಬರೆಸಿ ಊರೂರು ಸುತ್ತಿಸಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಆ ಅಂಕಿ ದಾರಿ ತಪ್ಪಿಸುವಂಥದು ಎಂದು ಅಲ್ಲಿಯ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ಮಾತ್ರ ನಿಲ್ಲಲಿಲ್ಲ. ಇತ್ತ ಉಳಿಯುವ ಪರವಿದ್ದ ಸರಕಾರ, ಬಿಟ್ಟರೆ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 4,300 ಪೌಂಡ್ ನಷ್ಟವೆಂದು ಹೆದರಿಸಿತು. ತೆರಿಗೆ ಏರಿಸುವ ತುರ್ತು ಬಜೆಟ್ ಮಂಡಿಸಬೇಕಾಗುತ್ತದೆ ಎಂದು ಹಣಕಾಸು ಸಚಿವರು ಎಚ್ಚರಿಸಿದರು. ಅಂಥ ಬಜೆಟ್ ಬರಲೇ ಇಲ್ಲ. ಒಂದು ಕಡೆ ಆಮಿಷ, ಇನ್ನೊಂದು ಕಡೆ ಬೆದರಿಕೆ. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಕಳ್ಳ ತೂಕ ಇಟ್ಟು, ಸರಿಯಾಗಿ ತೂಗು ಎಂದು ಗ್ರಾಹಕನಿಗೆ ಹೇಳಿದಂತಾಯಿತು.

ಹೀಗಿರುವಾಗ ಮತದಾರನನ್ನು ನೈತಿಕವಾಗಿ ಪ್ರಶ್ನಿಸುವುದೇ ಅನ್ಯಾಯವಲ್ಲವೇ ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಪೂರ್ತಿ ಸತ್ಯವಿಲ್ಲ. ಮೋಸ ಮಾಡಿದವನ ಪಾಪ ದೊಡ್ಡದು ನಿಜ. ಆದರೆ ನಮಗೆ ಹಿತವಾದ ಸುಳ್ಳನ್ನು ನಾವು ಪರೀಕ್ಷಿಸದೆ ನಂಬುತ್ತೇವೆ, ಅಹಿತವಾದ ಸತ್ಯಕ್ಕೆ ನೂರು ಸಾಕ್ಷಿ ಕೇಳುತ್ತೇವೆ. ಈ ಪಕ್ಷಪಾತವನ್ನು ನಮಗೆ ಯಾವ ಪ್ರಚಾರಕನೂ ಕಲಿಸಿದ್ದಲ್ಲ. ಅದು ನಮ್ಮೊಳಗೇ ಇದೆ.

ಸಂಡರ್ಲೆಂಡ್ ಎಂಬ ಊರನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ಈಶಾನ್ಯದ ಈ ಊರು ಒಂದು ಕಾಲದಲ್ಲಿ ಹಡಗು ಕಟ್ಟುವುದರಲ್ಲಿ ಹೆಸರುವಾಸಿಯಾಗಿತ್ತು. ಕೊನೆಯ ಹಡಗುಕಟ್ಟೆ 1988ರಲ್ಲಿ ಮುಚ್ಚಿತು. ಕೊನೆಯ ಕಲ್ಲಿದ್ದಲು ಗಣಿ 1993ರಲ್ಲಿ ಮುಚ್ಚಿತು. ಉಳಿದ ದೊಡ್ಡ ಆಸರೆಯೆಂದರೆ 1986ರಲ್ಲಿ ಆರಂಭವಾದ ನಿಸ್ಸಾನ್ ಕಾರು ಕಾರ್ಖಾನೆ. ಅಲ್ಲಿ ತಯಾರಾಗುವ ಕಾರುಗಳಿಗೆ ಯುರೋಪ್ ದೊಡ್ಡ ಮಾರುಕಟ್ಟೆ. ಆದರೂ ಸಂಡರ್ಲೆಂಡಿನ ಶೇಕಡಾ 61 ಮತಗಳು ಬಿಡುವ ಪರ ಬಿದ್ದವು. ಆ ರಾತ್ರಿ ಈ ಊರಿನ ಫಲಿತಾಂಶ ಬಂದೊಡನೆ ಪೌಂಡಿನ ಬೆಲೆ ಕುಸಿಯಿತು. ಮರುದಿನ ಅನೇಕರು ಆ ಜನರನ್ನು ಮೂರ್ಖರೆಂದು ಜರೆದರು. ತಾವು ಕುಳಿತ ಕೊಂಬೆಯನ್ನೇ ಕಡಿದುಕೊಂಡರು ಎಂದು ಗೇಲಿ ಮಾಡಿದರು.

ನಮಗೆ ಈ ಗೇಲಿ ಒಪ್ಪಿಗೆಯಿಲ್ಲ. ಮೂವತ್ತು ವರ್ಷಗಳಿಂದ ಯಾರೂ ಕೇಳದಿದ್ದ ಜನರು ಅವರು. ಸಾರ್ವತ್ರಿಕ ಚುನಾವಣೆಗಳಲ್ಲಿ ಅವರ ಕ್ಷೇತ್ರ ಒಂದೇ ಪಕ್ಷಕ್ಕೆ ಮೀಸಲಿಟ್ಟಂತಿದ್ದುದರಿಂದ ಅವರ ಮತಕ್ಕೆ ಬೆಲೆಯೇ ಇರಲಿಲ್ಲ. ಮೊದಲ ಬಾರಿಗೆ ಅವರ ಒಂದು ಮತ ಲಂಡನ್ನಿನ ಶ್ರೀಮಂತನ ಒಂದು ಮತಕ್ಕೆ ಸಮನಾಗಿ ತೂಗಿತು. ದೇಶ ನಷ್ಟ ಅನುಭವಿಸುತ್ತದೆ ಎಂದು ಎಚ್ಚರಿಸಿದಾಗ, ಲಾಭವಾದಾಗ ನಮ್ಮನ್ನು ಕರೆದಿರಲೇ ಇಲ್ಲವಲ್ಲ ಎಂದು ಅವರಿಗೆ ಅನಿಸಿದ್ದರೆ ಅದರಲ್ಲಿ ಮೂರ್ಖತನವೇನಿದೆ? ಲೆಕ್ಕದಲ್ಲಿ ಸೇರದವನಿಗೆ ಲೆಕ್ಕ ತಪ್ಪುವ ಭಯ ಇರುವುದಿಲ್ಲ.

ಆದರೆ ಸಿಟ್ಟಿಗೆ ಕಾರಣವಿದೆ ಎಂದ ಮಾತ್ರಕ್ಕೆ ಸಿಟ್ಟಿನ ಮತ ಸರಿ ಎಂದಾಗುತ್ತದೆಯೇ? ಇಲ್ಲಿಯೇ ಈ ಚರ್ಚೆಯ ಮುಖ್ಯ ಗಂಟು ಇರುವುದು. ಬ್ರಿಟನ್ನಿನ ಮತದಾರ ಪೆನ್ಸಿಲಿನಿಂದ ಒಂದು ಗುಣಿಸು ಚಿಹ್ನೆ ಹಾಕುತ್ತಾನೆ. ಅಷ್ಟೇ. ಏಕೆ ಹಾಕಿದೆ ಎಂದು ಬರೆಯಲು ಮತಚೀಟಿಯಲ್ಲಿ ಜಾಗವಿಲ್ಲ. ಬರೆದರೆ ಆ ಮತ ಅಸಿಂಧುವಾದೀತು. ಒಬ್ಬ ಮುಚ್ಚಿದ ಕಾರ್ಖಾನೆಗಾಗಿ ಹಾಕಿದ. ಇನ್ನೊಬ್ಬಳು ಕಾನೂನು ತನ್ನ ದೇಶದ ಸಂಸತ್ತಿನಲ್ಲೇ ಆಗಬೇಕೆಂದು ಹಾಕಿದಳು. ಮತ್ತೊಬ್ಬ ನೆರೆಮನೆಯ ಪೋಲೆಂಡಿನವನು ತೊಲಗಲೆಂದು ಹಾಕಿದ. ಮೂರೂ ಒಂದೇ ರಾಶಿಗೆ ಬಿದ್ದವು. ಪ್ರತಿಯೊಬ್ಬರ ಕಾರಣವೂ ಮತಪೆಟ್ಟಿಗೆಯ ಹೊರಗೇ ಉಳಿಯಿತು. ಆ ರಾಶಿಯ ಮೇಲೆ ಕಾರಣವನ್ನು ಬರೆದವರು ಗೆದ್ದ ನಾಯಕರು. ಜನರು ಹೀಗೆ ಬಯಸಿದ್ದಾರೆ ಎಂದು ಅವರು ಸಾರಿದರು. ಹಾಗಾದರೆ ಮತದಾರನ ಹೊಣೆ ತನ್ನ ಉದ್ದೇಶ ಶುದ್ಧವಾಗಿದೆಯೇ ಎಂದು ನೋಡಿಕೊಳ್ಳುವಲ್ಲಿಗೆ ಮುಗಿಯುವುದಿಲ್ಲ. ತನ್ನ ಗುರುತನ್ನು ಯಾರು, ಯಾವುದಕ್ಕೆ ಬಳಸಲಿದ್ದಾರೆ ಎಂಬುದನ್ನೂ ಅವನು ಕೇಳಿಕೊಳ್ಳಬೇಕಾಗುತ್ತದೆ. ಬರೀ ಸಹಿ ಹಾಕಿದ ಖಾಲಿ ಕಾಗದವನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂದು ನೋಡದೆ ಕೊಡುವವರುಂಟೇ?

ಇದಕ್ಕೆ ಒಂದು ಮನಕಲಕುವ ನಿದರ್ಶನ ನಮ್ಮ ಉಪಖಂಡದ ಜನರಲ್ಲೇ ಇದೆ. ಬ್ರಿಟನ್ನಿನ ಊರೂರುಗಳಲ್ಲಿ ಬಾಂಗ್ಲಾದೇಶೀಯರು ನಡೆಸುವ ಕರಿ ಹೋಟೆಲುಗಳಿವೆ. ವಲಸೆಯ ಕಟ್ಟುನಿಟ್ಟಿನಿಂದ ಅವರಿಗೆ ತಾಯ್ನಾಡಿನಿಂದ ಅಡುಗೆಯವರನ್ನು ಕರೆಸುವುದು ಕಷ್ಟವಾಗಿತ್ತು. ಯುರೋಪಿನವರು ಸಲೀಸಾಗಿ ಬರುವುದರಿಂದಲೇ ನಿಮ್ಮವರಿಗೆ ಬಾಗಿಲು ಮುಚ್ಚಿದೆ, ಒಕ್ಕೂಟ ಬಿಟ್ಟರೆ ನಿಮ್ಮ ಹೋಟೆಲುಗಳು ಉಳಿಯುತ್ತವೆ ಎಂದು ಬಿಡುವ ಪರವಿದ್ದ ಸಚಿವೆ ಪ್ರೀತಿ ಪಟೇಲ್ 2016ರಲ್ಲಿ ಪ್ರಚಾರ ಮಾಡಿದರು. ಆ ಉದ್ಯಮದ ಕೆಲವು ಮುಖಂಡರು ಅದನ್ನು ನಂಬಿ ಬೆಂಬಲಿಸಿದರು. ಫಲಿತಾಂಶದ ಬಳಿಕ ನಿರೀಕ್ಷಿಸಿದ್ದು ಸಿಗದಾಗ, ತಮ್ಮನ್ನು ಬಳಸಿಕೊಳ್ಳಲಾಯಿತೆಂದು ನೊಂದುಕೊಂಡರು.

ಮೋಸಹೋದ ಅವರ ಬಗ್ಗೆ ನಮಗೆ ಅನುಕಂಪವಿದೆ. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಮಾತು ಉಳಿಸಿಕೊಂಡಿದ್ದರೆ ಆ ಮತ ನ್ಯಾಯವಾಗುತ್ತಿತ್ತೇ? ಪೋಲೆಂಡಿನ ಕಾರ್ಮಿಕನಿಗೆ ಮುಚ್ಚುವ ಬಾಗಿಲಿನಿಂದ ನಮ್ಮ ಅಡುಗೆಯವನು ಒಳಗೆ ಬರಲಿ ಎಂಬ ಲೆಕ್ಕಾಚಾರವಲ್ಲವೇ ಅದು? ಕಾಮನ್‌ವೆಲ್ತ್ ದೇಶಗಳಿಂದ ಬರುವವರಿಗೆ 1962ರ ಕಾನೂನು ಮೊದಲ ಬಾರಿಗೆ ತಡೆ ಹಾಕಿತು. 1968ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಈನಾಕ್ ಪೊವೆಲ್ ಮಾಡಿದ ಭಾಷಣ ಏಷ್ಯಾ ಮತ್ತು ಕೆರಿಬಿಯನ್ ಮೂಲದವರ ಎದೆಯಲ್ಲಿ ನಡುಕ ಹುಟ್ಟಿಸಿತ್ತು. ಉದ್ಯೋಗ ಕಸಿಯುತ್ತಾರೆ, ಬೀದಿಗಳು ಬದಲಾಗುತ್ತಿವೆ ಎಂಬ ಅಂದಿನ ಮಾತುಗಳೇ 2016ರಲ್ಲಿ ಪೂರ್ವ ಯುರೋಪಿನವರ ವಿರುದ್ಧ ಮತ್ತೆ ಕೇಳಿಬಂದವು. ಹಿಂದೆ ಅದನ್ನು ಕೇಳಿಸಿಕೊಂಡವರ ಮಕ್ಕಳಿಗೆ ಅದರ ದನಿಯ ಗುರುತು ಸಿಗಬೇಕಿತ್ತು. ಬಸ್ಸಿಗೆ ಹತ್ತುವ ತನಕ ಜಾಗ ಬಿಡಿ ಎನ್ನುವವರು, ಹತ್ತಿದ ಮೇಲೆ ಬಾಗಿಲು ಹಾಕಿ ಎನ್ನುವ ಸ್ವಭಾವಕ್ಕೆ ದೇಶಭಾಷೆಗಳ ಹಂಗಿಲ್ಲ.

ಇಲ್ಲಿ ನಮ್ಮ ಕನ್ನಡಿಗರಿಗೂ ಸಂಬಂಧಪಟ್ಟ ಒಂದು ಸಂಗತಿಯಿದೆ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದು ಒಂದೆರಡು ವರ್ಷಗಳ ಕೆಲಸಕ್ಕೆಂದು ಬೆಂಗಳೂರಿನಿಂದ ಹೋದ ಇಂಜಿನಿಯರ್ ಕೂಡ ಹೆಸರು ನೋಂದಾಯಿಸಿದ್ದರೆ ಆ ಜನಮತಗಣನೆಯಲ್ಲಿ ಮತ ಹಾಕಬಹುದಿತ್ತು. ಆದರೆ ಇಪ್ಪತ್ತು ವರ್ಷಗಳಿಂದ ಅಲ್ಲಿಯೇ ದುಡಿದು, ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳಿಸುತ್ತಿದ್ದ ಇಟಲಿ ಅಥವಾ ಪೋಲೆಂಡಿನ ಪ್ರಜೆಗೆ ಆ ಹಕ್ಕಿರಲಿಲ್ಲ. 16 ಮತ್ತು 17 ವರ್ಷದವರಿಗೂ ಇರಲಿಲ್ಲ. 2014ರಲ್ಲಿ ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಜನಮತಗಣನೆಯಲ್ಲಿ ಅದೇ ವಯಸ್ಸಿನವರಿಗೆ ಹಕ್ಕು ಕೊಡಲಾಗಿತ್ತು. ತೀರ್ಪಿನ ಭಾರ ಯಾರ ಹೆಗಲ ಮೇಲೆ ಹೆಚ್ಚು ಬೀಳಲಿತ್ತೋ ಅವರಲ್ಲಿ ಅನೇಕರು ಮತಗಟ್ಟೆಯ ಹೊರಗಿದ್ದರು. ಗಂಟು ಕಟ್ಟಿ ಊರಿಗೆ ಹೊರಡಬಲ್ಲವರು ಒಳಗಿದ್ದರು. ಇದರಲ್ಲಿ ಯಾರ ಅಪರಾಧವೂ ಇಲ್ಲ, ಅದು ಹಳೆಯ ಸಾಮ್ರಾಜ್ಯದ ಕಾನೂನಿನ ಉಳಿಕೆ. ಆದರೆ ಕೈಯಲ್ಲಿ ಮತವಿದ್ದವನಿಗೆ ಮತವಿಲ್ಲದವನ ಋಣ ಇರುವುದು ಇಂಥಲ್ಲಿಯೇ.

ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರತಿನಿಧಿ ಸರಕಾರದ ಕುರಿತು ಬರೆದ ಗ್ರಂಥದಲ್ಲಿ ಇದನ್ನು ಸ್ಪಷ್ಟವಾಗಿ ಮಂಡಿಸಿದ್ದಾನೆ. ಮತವೆಂಬುದು ಮತದಾರನ ಖಾಸಗಿ ಹಕ್ಕಲ್ಲ, ಅದೊಂದು ಹೊಣೆ. ನ್ಯಾಯಾಲಯದಲ್ಲಿ ತೀರ್ಪು ಹೇಳುವ ಪಂಚನಿಗೆ ತನ್ನ ಇಷ್ಟಾನಿಷ್ಟ ಹೇಗೆ ಸಲ್ಲದೋ ಹಾಗೆಯೇ ಮತದಾರನಿಗೂ ಸಲ್ಲದು, ಸಾರ್ವಜನಿಕ ಹಿತದ ಬಗ್ಗೆ ತನ್ನ ಆತ್ಮಸಾಕ್ಷಿ ಏನು ಹೇಳುತ್ತದೋ ಅದಕ್ಕೆ ಅವನು ಬದ್ಧ ಎಂಬುದು ಅವನ ವಾದ. ಇದು ಉದಾತ್ತ ಮಾತು. ಆದರೆ ಅದೇ ಮಿಲ್ ವಿದ್ಯಾವಂತರಿಗೆ ಒಂದಕ್ಕಿಂತ ಹೆಚ್ಚು ಮತ ಕೊಡಬೇಕೆಂದೂ ಹೇಳಿದ್ದ. 2016ರ ಬಳಿಕ ಇಂಥ ಮಾತು ಬೇರೆ ಬೇರೆ ವೇಷದಲ್ಲಿ ಕೇಳಿಬಂತು. ಓದಿಲ್ಲದವರಿಗೆ ಇಷ್ಟು ದೊಡ್ಡ ಪ್ರಶ್ನೆ ಕೇಳಬಾರದಿತ್ತು ಎಂದವರು ಅನೇಕರು.

ಮಿಲ್‌ನ ಮೊದಲ ಮಾತನ್ನು ಒಪ್ಪುವ ನಾವು ಎರಡನೆಯದನ್ನು ತಿರಸ್ಕರಿಸುತ್ತೇವೆ. ವಿದ್ಯೆ ಸ್ವಾರ್ಥವನ್ನು ಕಳೆಯುವುದಿಲ್ಲ, ಅದಕ್ಕೆ ಒಳ್ಳೆಯ ಭಾಷೆಯನ್ನು ಕಲಿಸುತ್ತದೆ. ಯುರೋಪಿನ ಯಾವ ನಗರಕ್ಕಾದರೂ ಹೋಗಿ ದುಡಿಯಬಲ್ಲ ಪದವೀಧರ ಉಳಿಯುವ ಪರ ಮತ ಹಾಕಿದ್ದರಲ್ಲಿ ಅವನ ಲಾಭವೂ ಇತ್ತು. ಆ ಲಾಭವನ್ನು ಅವನು ವಿಶ್ವಮಾನವತೆ ಎಂದು ಕರೆದ. ಗಡಿ ದಾಟಿ ದುಡಿಯುವ ಅವಕಾಶ ಎಂದೂ ಸಿಗದ ಕಾರ್ಮಿಕ ತನ್ನ ಕಷ್ಟವನ್ನು ದೇಶಪ್ರೇಮ ಎಂದು ಕರೆದ. ತನ್ನ ಮತ ಇತರರಿಗೆ ಏನು ಮಾಡುತ್ತದೆ ಎಂದು ಯೋಚಿಸಲು ಪದವಿ ಬೇಕಿಲ್ಲ. ಮನೆಯಲ್ಲಿ ಇದ್ದ ಅನ್ನವನ್ನು ಎಲ್ಲರಿಗೂ ಹಂಚುವ ತಾಯಿಗೆ ಅದು ಚೆನ್ನಾಗಿ ಗೊತ್ತು.

ಆದರೆ ಆತ್ಮಸಾಕ್ಷಿಯ ಮಾತು ಕೇಳುವುದೂ ಎಲ್ಲ ಸಲ ಸುಲಭವಲ್ಲ. 2019ರ ಡಿಸೆಂಬರ್ 12ರ ಸಾರ್ವತ್ರಿಕ ಚುನಾವಣೆ ಇದಕ್ಕೆ ಸಾಕ್ಷಿ. ಜನಮತಗಣನೆಯಾಗಿ ಮೂರೂವರೆ ವರ್ಷಗಳಾಗಿದ್ದವು. ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ತೆರೆಸಾ ಮೇ ತಂದ ಒಪ್ಪಂದವನ್ನು ಸಂಸತ್ತು 432-202 ಮತಗಳಿಂದ ತಳ್ಳಿಹಾಕಿತ್ತು. ಜನ ದಣಿದಿದ್ದರು. ಬೋರಿಸ್ ಜಾನ್ಸನ್ ಈ ಕೆಲಸವನ್ನು ಮುಗಿಸಿಬಿಡುತ್ತೇನೆ ಎಂದರು. ಬೊಲ್ಸೋವರ್ ಎಂಬ ಗಣಿ ಪ್ರದೇಶದ ಕ್ಷೇತ್ರ 1950ರಲ್ಲಿ ರಚನೆಯಾದಂದಿನಿಂದ ಲೇಬರ್ ಪಕ್ಷವನ್ನೇ ಗೆಲ್ಲಿಸುತ್ತಾ ಬಂದಿತ್ತು. ಗಣಿ ಕಾರ್ಮಿಕನಾಗಿದ್ದ ಡೆನಿಸ್ ಸ್ಕಿನ್ನರ್ 1970ರಿಂದ ಅಲ್ಲಿಯ ಸಂಸದ. ತಂದೆ, ತಾತ ನಂಬಿದ್ದ ಪಕ್ಷ ಒಂದು ಕಡೆ, ತಾವು ಕೊಟ್ಟ ತೀರ್ಪು ಜಾರಿಯಾಗಬೇಕೆಂಬ ಛಲ ಇನ್ನೊಂದು ಕಡೆ. ಆ ಸಲ ಬೊಲ್ಸೋವರ್ ಕನ್ಸರ್ವೇಟಿವ್ ಪಕ್ಷವನ್ನು ಆರಿಸಿತು.

ಅಲ್ಲಿಯ ಮುಸ್ಲಿಮ್ ಮತದಾರರನ್ನೂ ನೆನೆಯೋಣ. 2016ರಲ್ಲಿ ಅವರಲ್ಲಿ ಬಹುಪಾಲು ಮಂದಿ ಉಳಿಯುವ ಪರವಿದ್ದರು, ಬಿಡುವ ಪರವಿದ್ದವರೂ ಇದ್ದರು. ಬಿಡಬೇಕೆಂದಿದ್ದ ಮುಸ್ಲಿಮನೊಬ್ಬ 2019ರಲ್ಲಿ ಯಾರಿಗೆ ಮತ ಹಾಕಬೇಕಿತ್ತು? ಅವನ ಇಚ್ಛೆಯನ್ನು ಪೂರೈಸುತ್ತೇನೆಂದ ನಾಯಕ 2018ರ ಅಂಕಣವೊಂದರಲ್ಲಿ ಬುರ್ಖಾ ಧರಿಸಿದ ಮಹಿಳೆಯರನ್ನು ಅಂಚೆಪೆಟ್ಟಿಗೆಗೆ ಹೋಲಿಸಿದ್ದರು. ಅದೇ ರೀತಿ ಉಳಿಯಬೇಕೆಂದಿದ್ದ ಯಹೂದಿ ಮತದಾರನ ಪಾಡೇನು? ಎರಡನೇ ಜನಮತಗಣನೆಯ ಭರವಸೆ ಕೊಟ್ಟ ಲೇಬರ್ ಪಕ್ಷದೊಳಗಿನ ಯಹೂದಿ ದ್ವೇಷದ ಬಗ್ಗೆ ಸಮಾನತೆ ಆಯೋಗ ಆಗ ತನಿಖೆ ನಡೆಸುತ್ತಿತ್ತು. ಪಕ್ಷ ಕಾನೂನು ಉಲ್ಲಂಘಿಸಿದೆ ಎಂದು ಆಯೋಗ 2020ರಲ್ಲಿ ಹೇಳಿತು. ಇಬ್ಬರಿಗೂ ಇದ್ದುದು ಒಂದೇ ಮತ. ಪ್ರಶ್ನೆಗಳು ಮಾತ್ರ ಹಲವು. ಒಬ್ಬರ ಅವಮಾನ ಇನ್ನೊಬ್ಬರ ಅವಮಾನಕ್ಕಿಂತ ಕಡಿಮೆಯೆಂದು ಯಾವ ನ್ಯಾಯವಂತ ಹೇಳಿಯಾನು?

ಇದರ ಜೊತೆಗೆ ಲೆಕ್ಕಾಚಾರದ ಮತದ ಸಮಸ್ಯೆ ಬೇರೆ. ಲಂಡನ್ನಿನ ಕೆನ್ಸಿಂಗ್ಟನ್ ಕ್ಷೇತ್ರ 2016ರಲ್ಲಿ ದೊಡ್ಡ ಅಂತರದಿಂದ ಉಳಿಯುವ ಪರ ನಿಂತಿತ್ತು. 2019ರಲ್ಲಿ ಅಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿ 150 ಮತಗಳಿಂದ ಲೇಬರ್ ಅಭ್ಯರ್ಥಿಯನ್ನು ಸೋಲಿಸಿದರು. ಮೂರನೆಯ ಸ್ಥಾನಕ್ಕೆ ಬಂದ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿಗೆ 9 ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಕ್ಯಾಂಟರ್ಬರಿಯಲ್ಲಿ ಅದೇ ಪಕ್ಷದ ಅಭ್ಯರ್ಥಿ ಮತ ಒಡೆಯಬಾರದೆಂದು ತಾನೇ ಹಿಂದೆ ಸರಿದರು, ಅಲ್ಲಿ ಲೇಬರ್ ಗೆದ್ದಿತು. ಇಡೀ ದೇಶದಲ್ಲಿ ಕನ್ಸರ್ವೇಟಿವ್ ಪಕ್ಷ ಶೇಕಡಾ 43.6 ಮತಗಳಿಂದ 365 ಸ್ಥಾನಗಳನ್ನು ಪಡೆಯಿತು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂತು. ಮನಸ್ಸಿಗೆ ಒಪ್ಪುವವನಿಗೆ ಹಾಕಬೇಕೇ ಅಥವಾ ಒಪ್ಪದವನನ್ನು ತಡೆಯಬಲ್ಲವನಿಗೆ ಹಾಕಬೇಕೇ? ನಮ್ಮ ಕರ್ನಾಟಕದ ಮತದಾರನಿಗೆ ಈ ಪ್ರಶ್ನೆಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ತಡೆಯುವ ಮತವನ್ನು ಅಪ್ರಾಮಾಣಿಕ ಎಂದು ನಾವು ಕರೆಯಲಾರೆವು. ಮತ ಎಂಬುದು ಮನದಿಂಗಿತದ ಪ್ರದರ್ಶನವಷ್ಟೇ ಆಗಿದ್ದರೆ ಅದು ಅಪ್ರಾಮಾಣಿಕವಾಗುತ್ತಿತ್ತು. ಆದರೆ ಅದು ಇತರರ ಬದುಕನ್ನು ಮುಟ್ಟುವ ಕೃತ್ಯ. ಕೃತ್ಯವನ್ನು ಅದರ ಪರಿಣಾಮದೊಂದಿಗೇ ತೂಗಬೇಕಾಗುತ್ತದೆ. ಆದರೆ ಇದಕ್ಕೂ ಒಂದು ಮಿತಿಯಿದೆ. ಕೆಡುಕು ಎಂದು ತಿಳಿದೂ, ಸಣ್ಣ ಕೆಡುಕೆಂಬ ನೆಪದಲ್ಲಿ ಅದನ್ನು ಪ್ರತಿ ಸಲವೂ ಗೆಲ್ಲಿಸುತ್ತಾ ಹೋದರೆ ಒಂದು ದಿನ ಅದೇ ದೊಡ್ಡದಾಗುತ್ತದೆ. ತಡೆಯಲೆಂದು ಮತ ಹಾಕಿದವನು ಮರುದಿನದಿಂದಲೇ ತಾನು ಗೆಲ್ಲಿಸಿದವನನ್ನು ಪ್ರಶ್ನಿಸಲು ತಯಾರಿರಬೇಕು. ಇಲ್ಲವಾದರೆ ಅವನು ತಡೆದದ್ದೂ ಇಲ್ಲ, ಕಟ್ಟಿದ್ದೂ ಇಲ್ಲ.

ಹಾಗಾದರೆ ಫಲಿತಾಂಶ ನೋಡಿ ಮತದಾರನನ್ನು ಅಳೆಯಬಹುದೇ? ಇತ್ತೀಚಿನ ವರ್ಷಗಳ ಸಮೀಕ್ಷೆಗಳಲ್ಲಿ, ಬಿಟ್ಟದ್ದು ತಪ್ಪಾಯಿತು ಎನ್ನುವ ಬ್ರಿಟಿಷರು ಸರಿ ಎನ್ನುವವರಿಗಿಂತ ಹೆಚ್ಚಿದ್ದಾರೆ. ವಲಸೆ ಇಳಿಯಲೆಂದು ಮತ ಹಾಕಿದವರು, 2021ರ ಹೊಸ ನಿಯಮಗಳ ಬಳಿಕ ಯುರೋಪಿನಾಚೆಯ ದೇಶಗಳಿಂದ ವಲಸೆ ದಾಖಲೆ ಮಟ್ಟಕ್ಕೆ ಏರಿದ್ದನ್ನು ಕಂಡರು. ಬಂದವರಲ್ಲಿ ಭಾರತೀಯರೇ ಮುಂಚೂಣಿಯಲ್ಲಿದ್ದರು. ಆದರೆ ನಾಳೆಯನ್ನು ಯಾರೂ ಕಂಡವರಿಲ್ಲ. ಮುಂದಾದದ್ದಕ್ಕೆಲ್ಲ ಮತದಾರನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಮುಂದಾಗಬಹುದಾದ್ದನ್ನು ಅವನು ಎಷ್ಟು ಶ್ರದ್ಧೆಯಿಂದ ವಿಚಾರಿಸಿದ ಎಂಬುದನ್ನು ಮಾತ್ರ ಕೇಳಬಹುದು. ಉದಾಹರಣೆಗೆ, ಐರ್ಲೆಂಡ್ ದ್ವೀಪದ ಸುಮಾರು 500 ಕಿಲೋಮೀಟರ್ ಗಡಿಯಲ್ಲಿ 1998ರ ಶಾಂತಿ ಒಪ್ಪಂದದ ಬಳಿಕ ಕಾವಲು ಗೋಪುರಗಳು ಮಾಯವಾಗಿದ್ದವು. ಒಕ್ಕೂಟ ಬಿಟ್ಟರೆ ಆ ಗಡಿಯ ಗತಿಯೇನು ಎಂಬ ಪ್ರಶ್ನೆ ಇಂಗ್ಲೆಂಡಿನ ಪ್ರಚಾರ ಸಭೆಗಳಲ್ಲಿ ಮೂಲೆಗೆ ಬಿದ್ದಿತ್ತು. ಗಡಿಯಲ್ಲಿ ಹೆಣ ಎಣಿಸಿದ್ದ ಜನರಿಗೆ ಅದೇ ಮೊದಲ ಪ್ರಶ್ನೆಯಾಗಿತ್ತು. ದೂರದವನ ಮೊದಲ ಪ್ರಶ್ನೆ ನಮಗೆ ಕೊನೆಯ ಪ್ರಶ್ನೆಯೂ ಆಗದಿರುವುದೇ ಪ್ರಜಾಪ್ರಭುತ್ವದ ದೊಡ್ಡ ಕಾಯಿಲೆ.

ಮತದಾನಕ್ಕೆ ಒಂದು ವಾರವಿದ್ದಾಗ, ಜೂನ್ 16ರಂದು, ಉಳಿಯುವ ಪರವಿದ್ದ ಸಂಸದೆ ಜೋ ಕಾಕ್ಸ್ ತಮ್ಮ ಕ್ಷೇತ್ರದ ಜನರನ್ನು ಭೇಟಿ ಮಾಡಲು ಹೋದಾಗ ಜನಾಂಗೀಯ ದ್ವೇಷ ತುಂಬಿದವನೊಬ್ಬನಿಂದ ಕೊಲೆಯಾದರು. ವಲಸಿಗರ ಸಾಲನ್ನು ತೋರಿಸಿ ಭಯ ಹುಟ್ಟಿಸುವ ಭಿತ್ತಿಪತ್ರವೊಂದು ಬಿಡುಗಡೆಯಾದದ್ದೂ ಅದೇ ದಿನ. ನಮ್ಮನ್ನು ಬೇರ್ಪಡಿಸುವುದಕ್ಕಿಂತ ಒಂದುಗೂಡಿಸುವುದೇ ಹೆಚ್ಚು ಎಂಬರ್ಥದ ಮಾತನ್ನು ಆಕೆ ವರ್ಷದ ಹಿಂದೆ ಸಂಸತ್ತಿನ ತನ್ನ ಮೊದಲ ಭಾಷಣದಲ್ಲಿ ಹೇಳಿದ್ದರು. ಅದನ್ನು ಸಾಬೀತು ಮಾಡುವ ಹೊಣೆ ಫಲಿತಾಂಶದ ಮರುದಿನ ಗೆದ್ದವರ ಮೇಲೆ ಹೆಚ್ಚಿತ್ತು. ಗೆಲುವಿನ ಅಂತರ ಸುಮಾರು 12 ಲಕ್ಷ 70 ಸಾವಿರ ಮತಗಳು. ನೋಂದಾಯಿಸಿಯೂ ಮತ ಹಾಕದವರು ಅದರ ಹತ್ತು ಪಟ್ಟು. ಇಷ್ಟು ಕಿರಿದಾದ ಬಹುಮತ ಆಳುವ ಅಧಿಕಾರ ಕೊಡುತ್ತದೆ. ಸೋತ ಒಂದೂವರೆ ಕೋಟಿಗೂ ಹೆಚ್ಚು ಜನರನ್ನು ಜನರೇ ಅಲ್ಲ ಎನ್ನುವ ಅಧಿಕಾರವನ್ನು ಕೊಡುವುದಿಲ್ಲ. ಆದರೆ ನಡೆದದ್ದು ಬೇರೆ. ಉಳಿಯಬೇಕೆಂದವರನ್ನು ದೇಶದ್ರೋಹಿಗಳೆಂದೂ ಬಿಡಬೇಕೆಂದವರನ್ನು ಜನಾಂಗದ್ವೇಷಿಗಳೆಂದೂ ಪರಸ್ಪರ ಕರೆಯುತ್ತಾ ವರ್ಷಗಳು ಕಳೆದವು.

ಮತದಾರ ಮತಗಟ್ಟೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಬಹುದು. ತನ್ನ ಮತದಿಂದ ಹೆಚ್ಚು ನಷ್ಟ ಅನುಭವಿಸಲಿರುವ ಒಬ್ಬ ವ್ಯಕ್ತಿಯನ್ನು ಗುರುತಿಸಿ, ಅವನ ಮುಖ ನೋಡಿ ತನ್ನ ಕಾರಣವನ್ನು ಹೇಳಲು ಸಾಧ್ಯವೇ ಎಂದು ಕೇಳಿಕೊಳ್ಳಬಹುದು. ಸಂಡರ್ಲೆಂಡಿನ ಕಾರ್ಮಿಕ ಪೋಲೆಂಡಿನ ನೆರೆಯವನಿಗೆ ಹೇಳಬೇಕು. ಲಂಡನ್ನಿನ ಪದವೀಧರ ಸಂಡರ್ಲೆಂಡಿನ ಕಾರ್ಮಿಕನಿಗೆ ಹೇಳಬೇಕು. ಅಜ್ಜ ಮೊಮ್ಮಗಳಿಗೆ ಹೇಳಬೇಕು. ಕೇಳಿದವರು ಒಪ್ಪಬೇಕಾಗಿಲ್ಲ. ನೋವಾದರೂ ಅರ್ಥವಾಯಿತು ಎನ್ನುವಂತಿದ್ದರೆ ಸಾಕು. ಕಣ್ಣು ತಪ್ಪಿಸಿ ಹೇಳಬೇಕಾದ ಕಾರಣವಾದರೆ, ಪೆನ್ಸಿಲ್ ಎತ್ತಿಕೊಳ್ಳುವ ಮೊದಲು ಇನ್ನೊಂದು ಸಲ ಯೋಚಿಸುವುದು ಒಳ್ಳೆಯದು.